ತೊಟ್ಟಿಲ ಬದಿಯಲ್ಲಿ ನಿಂತಿರುವ ಮಗು

(ಶತಮಾನೋತ್ಸವದ ಅಂಗವಾಗಿ ಜರುಗಿದ ಕುಟುಂಬ ದಿನದಂದು ನಮ್ಮ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿದ ಈ ಸಂಭ್ರಮದಲ್ಲಿ ಹಲವರು ಹಲವು ವಿಷಯಗಳನ್ನು ಕುರಿತು ಮಾತನಾಡಿದ್ದಾರೆ. ಈ ದೇವಾಲಯವನ್ನು ಕಟ್ಟಿಸಿದ ಗುರುಗಳನ್ನೂ, ಕಲ್ಲು ಮಣ್ಣು ಹೊತ್ತ ಹಿರಿಯರನ್ನೂ, ಅಕ್ಷರ ಕಲಿಸಿದ ಕನ್ಯಾಸ್ತ್ರೀಯರನ್ನೂ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಅದು ಯೋಗ್ಯವೇ ಸರಿ. ಇಂದು ಕುಟುಂಬ ದಿನವಾದುದರಿಂದ ನಾವು ಒಂದು ಚಿಕ್ಕ ಮನೆಯನ್ನು ಕುರಿತು ಎರಡು ಮಾತುಗಳನ್ನಾಡಬಯಸುತ್ತೇವೆ. ಆ ಮನೆಯಲ್ಲಿ ಎರಡೂವರೆ ವರ್ಷದ ಒಂದು ಮಗು ಇದೆ. ತೊಟ್ಟಿಲಲ್ಲಿ ಒಂದು ಹಸುಗೂಸು ಇದೆ. ಅಂಥ ಮನೆ ನಮ್ಮ ಪ್ರತಿಯೊಂದು ಬೀದಿಯಲ್ಲೂ ಉಂಟು.

ಸಂಸಾರವಿಲ್ಲದ ಗುರುವಿಗೆ ಇದರಲ್ಲೇನು ಅನುಭವವೆಂದು ನಿಮ್ಮಲ್ಲಿ ಕೆಲವರು ನಗಬಹುದು. ಆ ನಗು ನ್ಯಾಯವಾದುದೇ. ಗುರುಮಠದಲ್ಲಿ ನಮಗೆ ತತ್ತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಕಲಿಸಿದರು. ಅಳುವ ಕೂಸನ್ನು ಎತ್ತಿಕೊಳ್ಳುವುದನ್ನು ಯಾರೂ ಕಲಿಸಲಿಲ್ಲ. ಈ ವಿಷಯದಲ್ಲಿ ನಮಗೆ ತಿಳಿದಿರುವುದನ್ನೆಲ್ಲ ಕಲಿಸಿದವರು ನಿಮ್ಮಂಥ ತಾಯಂದಿರೇ. ಅವರಲ್ಲೊಬ್ಬರಿಗೆ ನಾವು ಅನ್ಯಾಯ ಮಾಡಿದ್ದೂ ಉಂಟು. ಅದನ್ನೇ ಮೊದಲು ಹೇಳಿಬಿಡುತ್ತೇವೆ.

ಇದು ಇಪ್ಪತ್ತೈದು ವರ್ಷಗಳಿಗೂ ಹಿಂದಿನ ಸಂಗತಿ. ನಾವಾಗ ಬೇರೊಂದು ಧರ್ಮಕೇಂದ್ರದಲ್ಲಿದ್ದೆವು. ಭಾನುವಾರದ ಬಲಿಪೂಜೆಯಲ್ಲಿ ಪ್ರಬೋಧನೆ ಮಾಡುತ್ತಿದ್ದೆವು. ಬಹಳ ಸಿದ್ಧತೆ ಮಾಡಿಕೊಂಡು ಬಂದಿದ್ದ ಪ್ರಬೋಧನೆ ಅದು. ನಡುವಿನ ಸಾಲಿನಲ್ಲಿ ಎಳೆಯ ವಯಸ್ಸಿನ ಒಬ್ಬ ತಾಯಿ ಮಡಿಲಲ್ಲಿ ಕೂಸನ್ನಿಟ್ಟುಕೊಂಡು ಕುಳಿತಿದ್ದರು. ಕೂಸು ಅಳತೊಡಗಿತು. ಅದನ್ನು ಅವರು ಸಮಾಧಾನಪಡಿಸುವಷ್ಟರಲ್ಲಿ ದೊಡ್ಡ ಮಗು ಬೆಂಚಿನ ಕೆಳಗಿನಿಂದ ನುಸುಳಿ, ನಡುದಾರಿಯಲ್ಲಿ ಓಡಿ, ಬಲಿಪೀಠದ ಮೆಟ್ಟಿಲವರೆಗೂ ಬಂದು ಗಟ್ಟಿಯಾಗಿ ಕೂಗಿತು. ಜನ ನಕ್ಕರು. ನಮಗೆ ಸಿಟ್ಟು ಬಂತು. ಮಾತು ನಿಲ್ಲಿಸಿ, ಆಕೆಯನ್ನೇ ದಿಟ್ಟಿಸಿ, ಮಕ್ಕಳನ್ನು ಸುಧಾರಿಸಲಾಗದವರು ಅವರನ್ನು ಹೊರಗೆ ಕರೆದೊಯ್ಯಬೇಕೆಂದು ಸಭೆಯ ಮುಂದೆಯೇ ಹೇಳಿದೆವು. ಆಕೆ ಒಂದನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದರ ಕೈಹಿಡಿದು, ತಲೆ ತಗ್ಗಿಸಿ ಹೊರಗೆ ಹೋದರು. ದೇವಾಲಯದಲ್ಲಿ ನಿಶ್ಶಬ್ದವಾಯಿತು. ನಾವು ಪ್ರಬೋಧನೆಯನ್ನು ಮುಗಿಸಿದೆವು. ಅಂದು ಏನು ಹೇಳಿದೆವೋ ಈಗ ಒಂದು ಅಕ್ಷರವೂ ನೆನಪಿಲ್ಲ. ಆಕೆ ಹೊರಟು ಹೋದದ್ದು ಮಾತ್ರ ನೆನಪಿದೆ.

ಮುಂದಿನ ಭಾನುವಾರ ಆಕೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಮೂರು ತಿಂಗಳಾದ ಮೇಲೆ ಮನೆಗಳ ಭೇಟಿಯ ಸಮಯದಲ್ಲಿ ನಾವು ಅವರ ಮನೆಗೆ ಹೋದೆವು. ಒಂದೇ ಕೋಣೆಯ ಮನೆ. ಪತಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ತವರಿನಿಂದ ಬಾಣಂತನ ಮಾಡಲು ಬಂದಿದ್ದ ತಾಯಿ ನಲವತ್ತು ದಿನಗಳಿಗೆ ಹಿಂದಿರುಗಿದ್ದರು. ಹಗ್ಗದ ತುಂಬ ಒದ್ದೆ ಬಟ್ಟೆ. ಒಲೆಯ ಮೇಲೆ ಉಕ್ಕಿಹೋದ ಹಾಲು. ಎಂದೋ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ದೊಡ್ಡ ಮಗುವಿಗೆ ಮತ್ತೆ ಮರಳಿತ್ತು. ತಾಯಿ ನೋಡದಿರುವಾಗ ಕೂಸನ್ನು ಚಿವುಟುತ್ತಿತ್ತು. ಕೂಸು ಅತ್ತರೆ ತಾನೂ ಅಳುತ್ತಿತ್ತು.

ಆಕೆ ಹೇಳಿದರು: “ಸ್ವಾಮಿ, ಚಿಕ್ಕದು ಮಲಗಿದರೆ ದೊಡ್ಡದು ಏಳುತ್ತದೆ, ದೊಡ್ಡದು ಮಲಗಿದರೆ ಚಿಕ್ಕದು ಏಳುತ್ತದೆ. ಜಪಸರ ಹಿಡಿದರೆ ಎರಡನೇ ಮಣಿಗೇ ನಿದ್ದೆ ಬಂದುಬಿಡುತ್ತದೆ. ಪೂಜೆಗೂ ಬರಲಾಗುತ್ತಿಲ್ಲ. ದೇವರಿಗೆ ನನ್ನ ಮೇಲೆ ಕೋಪ ಬಂದಿರಬೇಕು.”

“ಕೋಪ ಬಂದದ್ದು ದೇವರಿಗಲ್ಲಮ್ಮ, ನಮಗೆ. ಅದು ನಮ್ಮ ತಪ್ಪು, ಕ್ಷಮಿಸಬೇಕು,” ಎಂದೆವು. ಆಕೆ ಕಣ್ಣೊರೆಸಿಕೊಂಡು ನಮಗೆ ಕಾಫಿ ಮಾಡಲು ಎದ್ದರು.

ಪ್ರಿಯರೇ, ಸಂತ ಮಾರ್ಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ಜನರು ಮಕ್ಕಳನ್ನು ಯೇಸುಸ್ವಾಮಿಯ ಬಳಿಗೆ ತರುತ್ತಾರೆ. ಶಿಷ್ಯರು ಅವರನ್ನು ಗದರಿಸುತ್ತಾರೆ. ಸ್ವಾಮಿ ಶಿಷ್ಯರ ಮೇಲೆಯೇ ಸಿಟ್ಟಾಗುತ್ತಾರೆ. ಅದನ್ನು ನಾವು ಎಷ್ಟು ಸಲ ಓದಿದ್ದೆವೋ! ಆ ಶಿಷ್ಯರ ಸಾಲಿನಲ್ಲಿ ನಾವೂ ನಿಂತಿದ್ದೇವೆಂದು ತಿಳಿದದ್ದು ಆ ದಿನವೇ.

ಈಗ ತೊಟ್ಟಿಲ ಬದಿಯಲ್ಲಿ ನಿಂತಿರುವ ಆ ದೊಡ್ಡ ಮಗುವನ್ನು ನೋಡೋಣ. ದೊಡ್ಡದು ಎನ್ನುತ್ತೇವೆ, ಆದರೆ ಅದು ದೊಡ್ಡದೇ? ನಿನ್ನೆಯವರೆಗೆ ಅದೇ ಆ ಮನೆಯ ಕೂಸು. ತಾಯಿ ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ ಅದು ಅಣ್ಣನೋ ಅಕ್ಕನೋ ಆಗಿಬಿಟ್ಟಿತು. ಮಡಿಲು ಹೋಯಿತು, ತಾಯಿಯ ಮಗ್ಗುಲು ಹೋಯಿತು. ಅದರ ಮೇಲೆ ಬಂದವರೆಲ್ಲರ ಪರಿಹಾಸ್ಯ: “ಪಾಪು ಬಂತಲ್ಲ, ಇನ್ನು ನಿನ್ನನ್ನು ಯಾರೂ ಎತ್ತಿಕೊಳ್ಳುವುದಿಲ್ಲ!” ನಮಗೆ ಅದು ತಮಾಷೆ. ಎರಡೂವರೆ ವರ್ಷದ ಮಗುವಿಗೆ ತಮಾಷೆ ತಿಳಿಯುವುದಿಲ್ಲ, ಅದು ನಂಬಿಬಿಡುತ್ತದೆ. ಬಿಟ್ಟ ರೂಢಿಗಳು ಮರಳುವುದು, ಬಾಟಲಿಯಲ್ಲೇ ಹಾಲು ಬೇಕೆಂದು ಹಟ ಹಿಡಿಯುವುದು, ಕಾರಣವಿಲ್ಲದೆ ನೆಲಕ್ಕೆ ಬಿದ್ದು ಹೊರಳಾಡುವುದು, ಇವೆಲ್ಲ ಕೆಟ್ಟ ಬುದ್ಧಿಯ ಗುರುತಲ್ಲವೆಂದೂ, ಈ ಸಂದರ್ಭದಲ್ಲಿ ಸಹಜವೆಂದೂ, ಬಹುಪಾಲು ತಾವಾಗಿಯೇ ಹೋಗುತ್ತವೆಂದೂ ಮಕ್ಕಳ ವೈದ್ಯರು ಹೇಳುತ್ತಾರೆ. ತನಗೆ ಭಯವಾಗಿದೆ ಎನ್ನಲು ಆ ಮಗುವಿಗೆ ಇನ್ನೂ ಮಾತು ಬಾರದು. ಮಾತಿಗೆ ಬದಲಾಗಿ ಅದು ಚಿವುಟುತ್ತದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಹೇಳಿ ಇಂಥ ಮಗುವಿಗೆ ಏಟು ಕೊಡುವ ಹಿರಿಯರುಂಟು. ಗಾದೆ ಸುಳ್ಳಲ್ಲ. ಆದರೆ ಗಿಡವನ್ನು ಬಗ್ಗಿಸುವುದು ಬೇರೆ, ಮುರಿಯುವುದು ಬೇರೆ. ಚಿವುಟುವ ಕೈಯನ್ನು ತಡೆಯಲೇಬೇಕು. ಕೂಸಿನೊಡನೆ ಅದನ್ನು ಒಂಟಿಯಾಗಿ ಬಿಡಲೂ ಬಾರದು. ತಡೆದ ಅದೇ ಕೈಯನ್ನು ಹಿಡಿದು ಮಗುವನ್ನು ಮಡಿಲಿಗೆ ಕರೆದುಕೊಳ್ಳಬೇಕು.

ಸಂತ ಲೂಕನ 15ನೆಯ ಅಧ್ಯಾಯದಲ್ಲಿ ದುಂದುಗಾರ ಮಗನ ಸಾಮತಿಯನ್ನು ನೀವೆಲ್ಲ ಬಲ್ಲಿರಿ. ಕಿರಿಯವನು ಬಂದನೆಂದು ಮನೆಯಲ್ಲಿ ಹಬ್ಬ. ಹಿರಿಯವನು ಹೊರಗೆ ಮುನಿಸಿಕೊಂಡು ನಿಂತಿದ್ದಾನೆ. ತಂದೆ ಏನು ಮಾಡಿದ? ಆಳನ್ನು ಕಳುಹಿಸಲಿಲ್ಲ, ಹಬ್ಬದ ನಡುವೆ ತಾನೇ ಎದ್ದು ಹೊರಗೆ ಬಂದು ಆ ಹಿರಿಯ ಮಗನನ್ನೂ ಬೇಡಿಕೊಂಡ. ತನ್ನದೆಲ್ಲ ಅವನದೇ ಎಂದು ನೆನಪಿಸಿದ. ಹೊಸ ಕೂಸು ಬಂದ ಮನೆಯಲ್ಲೂ ಒಂದು ಹಬ್ಬ ನಡೆದಿರುತ್ತದೆ, ಹೊಸ್ತಿಲಾಚೆ ಒಂದು ಹಿರಿಯ ಮಗು ನಿಂತಿರುತ್ತದೆ. ಯಾರಾದರೂ ಎದ್ದು ಹೊರಗೆ ಬರಬೇಕು. ಕೆಲಸದಿಂದ ಬಂದ ತಂದೆ ತೊಟ್ಟಿಲಿಗೆ ಬಗ್ಗುವ ಮುನ್ನ ಅದನ್ನು ಎತ್ತಿಕೊಳ್ಳಲಿ. ಕೂಸನ್ನು ನೋಡಲು ಬಂದವರು ಮೊದಲು ಅದನ್ನು ಮಾತನಾಡಿಸಲಿ. ಕೂಸು ಮಲಗಿರುವ ಹತ್ತು ನಿಮಿಷವಾದರೂ ತಾಯಿ ಅದೊಂದಕ್ಕೇ ತಾಯಿಯಾಗಿರಲಿ. ಕೂಸಿನ ಬಟ್ಟೆ ತಂದುಕೊಡುವ ಕೆಲಸ ಅದಕ್ಕಿರಲಿ. ತಂದಾಗ ಹೊಗಳಿಕೆಯೂ ಇರಲಿ. ಮಡಿಲು ಹೊಲದಂತೆ ಪಾಲಾಗುವ ವಸ್ತುವಲ್ಲ. ಎರಡನೆಯದು ಬಂದಾಗ ಅದು ಹಿಗ್ಗುತ್ತದೆ ಎಂಬುದನ್ನು ಮಗು ಕಣ್ಣಾರೆ ಕಂಡೇ ನಂಬಬೇಕು.

ಇನ್ನು ತಾಯಿಯ ಮಾತು. ಹಸುಗೂಸಿಗೆ ಎರಡು ಮೂರು ಗಂಟೆಗೊಮ್ಮೆ ಹಾಲೂಡಿಸಬೇಕು, ರಾತ್ರಿಯೂ ಸಹ. ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಅನೇಕರಿಗುಂಟು. ಅದು ಬೇಗ ಹೋಗುತ್ತದೆ. ಆದರೆ ಎರಡು ವಾರಗಳು ಕಳೆದರೂ ಮನಸ್ಸಿನ ಮಂಕು ಸರಿಯದಿದ್ದರೆ, ಕೂಸು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ, ಅದು ಕಾಯಿಲೆ. ಅದು ವಿಶ್ವಾಸದ ಕೊರತೆಯಲ್ಲ, ಗಾಳಿ ಸೋಕಿದ್ದೂ ಅಲ್ಲ. ಅದಕ್ಕೆ ಚಿಕಿತ್ಸೆ ಉಂಟು. ಅಂಥವರನ್ನು ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ; ನಮ್ಮ ಬಳಿಗೆ ಪ್ರಾರ್ಥನೆಗಾಗಿ ಆಮೇಲೆ ಕರೆತಂದರೂ ಆದೀತು.

ಸಹಾಯ ಬೇಡುವುದು ಅವಮಾನವೆಂದು ತಿಳಿಯುವ ತಾಯಂದಿರಿಗೆ ಒಬ್ಬ ಸಂತಳ ಸಂಗತಿ ಹೇಳುತ್ತೇವೆ. ಕಿರಿಯ ತೆರೇಸಮ್ಮನವರ ತಾಯಿ ಸೆಲಿ ಮಾರ್ಟಿನ್ ಫ್ರಾನ್ಸಿನ ಅಲೆನ್ಸೋನ್ ಊರಿನಲ್ಲಿ ಕಸೂತಿ ಲೇಸಿನ ಉದ್ಯಮ ನಡೆಸುತ್ತಿದ್ದವರು. ಒಂಬತ್ತು ಮಕ್ಕಳನ್ನು ಹೆತ್ತರು. ನಾಲ್ವರನ್ನು ಚಿಕ್ಕಂದಿನಲ್ಲೇ ಕಳೆದುಕೊಂಡರು. 1873ರ ಜನವರಿಯಲ್ಲಿ ತೆರೇಸಾ ಹುಟ್ಟಿದಾಗ ಅವರಿಗೆ ಎದೆಹಾಲೂಡಿಸಲಾಗಲಿಲ್ಲ. ಕೂಸು ಸಾಯುವ ಸ್ಥಿತಿಗೆ ಬಂತು. ಆಗ ಅವರು ಹಳ್ಳಿಯ ರೋಸ್ ಎಂಬ ರೈತ ಹೆಂಗಸಿನ ಕೈಗೆ ಕೂಸನ್ನು ಒಪ್ಪಿಸಿದರು. ತೆರೇಸಾ ಒಂದು ವರ್ಷ ಕಾಲ ಅಲ್ಲಿ ಬೆಳೆದಳು. ಸೆಲಿ ಮಾರ್ಟಿನ್ ಬರೆದ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಅವುಗಳಲ್ಲಿ ದಣಿವಿದೆ, ಚಿಂತೆಯಿದೆ. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸರು ಆಕೆಯನ್ನೂ ಆಕೆಯ ಪತಿ ಲೂಯಿ ಅವರನ್ನೂ ಒಟ್ಟಿಗೆ ಸಂತರ ಸಾಲಿಗೆ ಸೇರಿಸಿದರು. ನೆರೆಯ ಹೆಂಗಸಿನ ಕೈ ಹಿಡಿದು ಕೂಸನ್ನು ಉಳಿಸಿಕೊಂಡ ತಾಯಿಯೂ ಸಂತಳೇ.

ತಂದೆಯರಿಗೂ ಒಂದು ಮಾತು. ಶುಭಸಂದೇಶಗಳಲ್ಲಿ ಸಂತ ಜೋಸೆಫರು ಆಡಿದ ಒಂದೇ ಒಂದು ಮಾತೂ ದಾಖಲಾಗಿಲ್ಲ. ಆದರೆ ಸಂತ ಮತ್ತಾಯನು ಅವರು ಮಾಡಿದ ಒಂದು ಕೆಲಸವನ್ನು ದಾಖಲಿಸಿದ್ದಾನೆ: ರಾತ್ರಿಯಲ್ಲಿ ಎದ್ದು ಕೂಸನ್ನೂ ತಾಯಿಯನ್ನೂ ಕರೆದುಕೊಂಡು ಹೊರಟರು. ರಾತ್ರಿಯಲ್ಲಿ ಎದ್ದರು ಎಂಬುದನ್ನು ಗಮನಿಸಿರಿ. ಹಗಲೆಲ್ಲ ದುಡಿದು ಬಂದವನಿಗೆ ನಿದ್ದೆ ಬೇಕು, ನಿಜ. ಮನೆಯಲ್ಲಿದ್ದವಳೂ ಹಗಲೆಲ್ಲ ದುಡಿದೇ ಇದ್ದಾಳೆ. ಕೇಂದ್ರ ಸರ್ಕಾರದ ನೌಕರರಿಗೆ ಎರಡು ಮಕ್ಕಳವರೆಗೆ 15 ದಿನಗಳ ಪಿತೃತ್ವ ರಜೆಯ ಸೌಲಭ್ಯವಿದೆ. ಕೂಲಿ ಮಾಡುವವನಿಗೆ ಆ ಭಾಗ್ಯವಿಲ್ಲ. ಆದರೆ ರಾತ್ರಿ ಒಮ್ಮೆ ಎದ್ದು ತೊಟ್ಟಿಲು ತೂಗಲು, ದೊಡ್ಡ ಮಗುವನ್ನು ಬಚ್ಚಲಿಗೆ ಕರೆದೊಯ್ಯಲು ಯಾವ ಸರ್ಕಾರದ ಆಜ್ಞೆಯೂ ಬೇಕಿಲ್ಲ.

ಅತ್ತೆ ಮಾವಂದಿರೇ, ಹಿರಿಯರೇ, ನಿಮ್ಮಲ್ಲಿಯೂ ಒಂದು ಬಿನ್ನಹ. “ಎರಡನೆಯದೂ ಹೆಣ್ಣೇ?” ಎಂಬ ಪ್ರಶ್ನೆಯನ್ನು ಕ್ರೈಸ್ತ ಮನೆಗಳಲ್ಲೂ ನಾವು ಕೇಳಿದ್ದೇವೆ. ಆ ಒಂದು ಮಾತಿನಿಂದ ಬಾಣಂತಿಯ ಎದೆ ಒಡೆಯುತ್ತದೆ. ಪಕ್ಕದಲ್ಲಿ ನಿಂತ ಮೊದಲನೆಯ ಹೆಣ್ಣು ಮಗುವೂ ಅದನ್ನು ಕೇಳಿಸಿಕೊಳ್ಳುತ್ತದೆ. ನೈಲ್ ನದಿಯ ಜೊಂಡಿನಲ್ಲಿ ತೇಲಿಬಿಟ್ಟ ಕೂಸು ಮೋಶೆಯನ್ನು ದೂರದಲ್ಲಿ ನಿಂತು ಕಾದವಳು ಅವನ ಅಕ್ಕ. ಆ ಹೆಣ್ಣು ಮಗು ಅಲ್ಲಿ ನಿಲ್ಲದಿದ್ದರೆ ಕೂಸು ಹೆತ್ತ ತಾಯಿಯ ಮಡಿಲಿಗೆ ಮರಳುತ್ತಿರಲಿಲ್ಲ.

ಕೊನೆಯದಾಗಿ, ದೇವಾಲಯದ ಮಾತು. ಈ ಉತ್ಸವಕ್ಕಾಗಿ ನಮ್ಮ ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕಗಳನ್ನು ತೆರೆದು ನೋಡಿದೆವು. ಹುಟ್ಟಿದ ದಿನಕ್ಕೂ ಜ್ಞಾನಸ್ನಾನದ ದಿನಕ್ಕೂ ಕೆಲವೇ ದಿನಗಳ ಅಂತರ. ಆ ಕಾಲದಲ್ಲಿ ಕೂಸು ಜ್ಞಾನತಾಯಿಯ ತೋಳಿನಲ್ಲಿ ದೇವಾಲಯಕ್ಕೆ ಬರುತ್ತಿತ್ತು. ಹೆತ್ತವಳು ಬಾಣಂತಿ ಕೋಣೆಯಲ್ಲೇ ಉಳಿಯುತ್ತಿದ್ದಳು. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ, 1969ರಲ್ಲಿ ಪ್ರಕಟವಾದ ಮಕ್ಕಳ ಜ್ಞಾನಸ್ನಾನ ವಿಧಿಯು ತಂದೆತಾಯಿಗಳಿಗೆ ಮೊದಲ ಸ್ಥಾನ ಕೊಟ್ಟಿತು. ಅದರ ಕೊನೆಯಲ್ಲಿ ಕೂಸನ್ನು ಹಿಡಿದ ತಾಯಿಗೂ, ತಂದೆಗೂ ಪ್ರತ್ಯೇಕ ಆಶೀರ್ವಾದವಿದೆ. ಧರ್ಮಸಭೆ ಒಳಗೆ ಕರೆದ ತಾಯಿಯನ್ನು ಹೊರಗೆ ಕಳುಹಿಸಲು ನಾವಾರು, ನೀವಾರು?

ಆದುದರಿಂದ ನೂರೊಂದನೆಯ ವರ್ಷಕ್ಕೆ ನಮ್ಮದೊಂದು ವಾಗ್ದಾನ. ಈ ಬಲಿಪೀಠದಿಂದ ಇನ್ನು ಮುಂದೆ ಅಳುವ ಮಗುವಿಗಾಗಿ ಯಾರನ್ನೂ ಗದರಿಸುವುದಿಲ್ಲ. 2014ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸರು ಕೂಸುಗಳಿಗೆ ಜ್ಞಾನಸ್ನಾನ ಕೊಡುವಾಗ, ಹಸಿದ ಕೂಸಿಗೆ ಅಲ್ಲಿಯೇ ಹಾಲೂಡಿಸಲು ಸಂಕೋಚಪಡಬೇಡಿರೆಂದು ತಾಯಂದಿರಿಗೆ ಹೇಳಿದರು. ಅದು ಸಿಸ್ಟೈನ್ ದೇವಾಲಯದಲ್ಲಿ ಸಲ್ಲುವುದಾದರೆ ಇಲ್ಲಿಯೂ ಸಲ್ಲುತ್ತದೆ. ನಿಮ್ಮಿಂದಲೂ ಒಂದು ವಾಗ್ದಾನ ಬೇಕು. ಎರಡು ಮಕ್ಕಳೊಡನೆ ತಾಯಿ ಒಬ್ಬಳೇ ಬಂದರೆ ಹಿಂದಿರುಗಿ ದುರುಗುಟ್ಟಿ ನೋಡದೆ, ಬೆಂಚಿನಲ್ಲಿ ಸರಿದು ಜಾಗ ಕೊಟ್ಟು, ದೊಡ್ಡ ಮಗುವಿನ ಕೈ ಹಿಡಿದುಕೊಳ್ಳಿರಿ. ನಿಮ್ಮ ಬೀದಿಯ ಬಾಣಂತಿಗೆ ವಾರಕ್ಕೊಂದು ದಿನ ಒಂದು ಪಾತ್ರೆ ಸಾರು ಕೊಂಡೊಯ್ಯಿರಿ. ಅವಳು ಸ್ನಾನ ಮಾಡಿ ಬರುವವರೆಗೆ ಮಕ್ಕಳನ್ನು ನೋಡಿಕೊಳ್ಳಿರಿ. ತಾಯಂದಿರೇ, ಜಪಸರ ಹಿಡಿದು ನಿದ್ದೆ ಬಂದರೆ ನಿದ್ರಿಸಿರಿ. ಕೂಸಿನ ಹಣೆಗೆ ಶಿಲುಬೆಯ ಗುರುತು, ದೊಡ್ಡದರ ಹಣೆಗೆ ಶಿಲುಬೆಯ ಗುರುತು: ಆ ದಿನಗಳಿಗೆ ಅಷ್ಟು ಪ್ರಾರ್ಥನೆ ಸಾಕು.

ಆ ತಾಯಿ ಆ ವರ್ಷದ ಕ್ರಿಸ್ತಜಯಂತಿಗೆ ದೇವಾಲಯಕ್ಕೆ ಬಂದರು. ಪೂಜೆಯಾದ ಮೇಲೆ ಮಕ್ಕಳನ್ನು ಗೋದಲಿಯ ಮುಂದೆ ನಿಲ್ಲಿಸಿದರು. ಬಲಿಪೀಠದವರೆಗೆ ಓಡಿ ಬಂದಿದ್ದ ಅದೇ ಮಗು ಬಾಲಯೇಸುವನ್ನು ನೋಡಿ, “ಅಮ್ಮ, ಈ ಪಾಪು ಯಾಕೆ ಅಳ್ತಾ ಇಲ್ಲ?” ಎಂದಿತು. ನಮ್ಮ ಗೋದಲಿಯ ಬಾಲಯೇಸು ಮಣ್ಣಿನದು, ಅಳುವುದಿಲ್ಲ. ಬೆತ್ಲೆಹೇಮಿನ ಕೂಸು ಅತ್ತಿರಬೇಕು. ಮಾತೆ ಮರಿಯಮ್ಮನವರೂ ನಿದ್ದೆಗೆಟ್ಟಿರಬೇಕು.

ನಾವು ಕ್ಷಮೆ ಕೇಳಿದ್ದು ಆಕೆಯ ಮನೆಯ ಮೂಲೆಯಲ್ಲಿ. ತಪ್ಪು ಮಾಡಿದ್ದು ಸಭೆಯ ಮುಂದೆ. ಆ ಸಾಲ ಇಂದಿನವರೆಗೂ ಉಳಿದಿತ್ತು. ಆಕೆ ಇಲ್ಲಿಲ್ಲದಿದ್ದರೂ, ಅಳುವ ಮಕ್ಕಳನ್ನೆತ್ತಿಕೊಂಡು ಎಂದಾದರೂ ತಲೆ ತಗ್ಗಿಸಿ ಹೊರನಡೆದ ಎಲ್ಲ ತಾಯಂದಿರಲ್ಲಿ, ಈ ಸಭೆಯ ಮುಂದೆ, ನಾವು ಕ್ಷಮೆ ಯಾಚಿಸುತ್ತೇವೆ.

ಯೇಸು, ಮರಿಯಮ್ಮ, ಜೋಸೆಫರ ಪವಿತ್ರ ಕುಟುಂಬವು ನಿಮ್ಮ ಮನೆಗಳನ್ನೂ, ತೊಟ್ಟಿಲ ಕೂಸುಗಳನ್ನೂ, ತೊಟ್ಟಿಲ ಬದಿಯಲ್ಲಿ ನಿಂತಿರುವ ಮಕ್ಕಳನ್ನೂ ಕಾಪಾಡಲಿ. ಸರ್ವಶಕ್ತ ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ. ಆಮೆನ್.