ಓಲೆಯ ಕಟ್ಟೂ ಓದುವ ಕಣ್ಣೂ

(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಮೈಸೂರು ವಿಶ್ವವಿದ್ಯಾನಿಲಯವು ನಾಡಿಗೆ ಮಾಡಿದ ಉಪಕಾರವನ್ನು ಕುರಿತು ಎರಡು ಮಾತನಾಡಬೇಕೆಂದು ಅಪ್ಪಣೆಯಾಗಿದೆ. ಪದವೀಧರರ ಲೆಕ್ಕವನ್ನೊಪ್ಪಿಸಿ ಕುಳಿತುಕೊಳ್ಳುವುದು ಸುಲಭ. ಅದಕ್ಕೆ ಬದಲಾಗಿ ಒಂದು ಓಲೆಯ ಕಟ್ಟಿನ ಸಂಗತಿಯನ್ನು ಅರಿಕೆಮಾಡುವೆನು.

೧೮೯೧ನೆಯ ಇಸವಿಯಲ್ಲಿ ಮೈಸೂರಿನಲ್ಲಿ ಪ್ರಾಚ್ಯ ಪುಸ್ತಕ ಭಂಡಾರವು ಸ್ಥಾಪಿತವಾಯಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯಲ್ಲಿದ್ದ ತಾಳೆಯೋಲೆಯ ಪ್ರತಿಯೊಂದನ್ನು ಅಲ್ಲಿಗೆ ಒಪ್ಪಿಸಿದರು. ೧೯೦೫ರಲ್ಲಿ ಅದನ್ನು ಓದಿ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. ಅನ್ಯಗ್ರಂಥಗಳ ಉಲ್ಲೇಖಗಳಿಂದ ಮಾತ್ರವೇ ವಿದ್ವಾಂಸರಿಗೆ ಪರಿಚಿತವಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವು ಅದಾಗಿದ್ದಿತು! ೧೯೦೯ರಲ್ಲಿ ಮೂಲವೂ ೧೯೧೫ರಲ್ಲಿ ಇಂಗ್ಲಿಷ್ ಭಾಷಾಂತರವೂ ಅಚ್ಚಾದವು. ಸುಂಕ, ಗಣಿ, ಕೃಷಿ, ದಂಡನೀತಿಗಳನ್ನು ಇಷ್ಟು ವಿವರವಾಗಿ ವಿಚಾರಮಾಡಿದ ಗ್ರಂಥವು ಬೆಳಕಿಗೆ ಬಂದಮೇಲೆ, ಭಾರತೀಯರು ಪರವನ್ನಲ್ಲದೆ ಇಹವನ್ನು ಚಿಂತಿಸಿದವರಲ್ಲವೆಂಬ ವಾದವು ನಿಲ್ಲದಾಯಿತು. ಓಲೆಯು ಅಲ್ಲಿ ಇದ್ದುದು ದೊಡ್ಡದಲ್ಲ. ಆ ಲಿಪಿಯನ್ನು ಬಲ್ಲ ಕಣ್ಣು ಅಲ್ಲಿ ಇದ್ದಿತೆಂಬುದೇ ದೊಡ್ಡದು.

ವಿಶ್ವವಿದ್ಯಾನಿಲಯವು ಹುಟ್ಟಿದುದು ೧೯೧೬ನೆಯ ಜುಲೈ ೨೭ರಂದು. ಭಂಡಾರವು ಅದರ ಆಡಳಿತಕ್ಕೆ ಸೇರಿತು. ಆದುದರಿಂದ ಅಲ್ಲಿ ಸಂಶೋಧನೆಯು ವಿಶ್ವವಿದ್ಯಾನಿಲಯಕ್ಕಿಂತ ವಯಸ್ಸಿನಲ್ಲಿ ಹಿರಿದೆಂದು ವಿನೋದವಾಗಿ ಹೇಳಬಹುದು.

ಬೋಧನೆಯ ವಿಷಯ. ರಾಧಾಕೃಷ್ಣನ್ನರು ೧೯೧೮ರಿಂದ ಕೆಲಕಾಲ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಹೇಳಿದರೆಂಬುದು ಸರ್ವವಿದಿತ. ನನಗೆ ಹೆಚ್ಚು ಆಶ್ಚರ್ಯವಾಗುವುದು ಬಿ. ಎಂ. ಶ್ರೀಕಂಠಯ್ಯನವರ ವಿಷಯದಲ್ಲಿ. ಇಂಗ್ಲಿಷ್ ಕಲಿಸುವುದಕ್ಕಾಗಿ ಸಂಬಳ ಪಡೆದವರು ಕನ್ನಡಕ್ಕಾಗಿ ಜೀವ ಸವೆಸಿದರು! ೧೯೨೭ರಲ್ಲಿ ಕನ್ನಡ ಎಂ. ಎ. ತರಗತಿಯು ಪ್ರಾರಂಭವಾಯಿತು, ೧೯೨೯ರಲ್ಲಿ ಕುವೆಂಪು ಅವರು ಆ ಪದವಿಯನ್ನು ಪಡೆದರು. ಅವರೇ ೧೯೫೬ರಿಂದ ೧೯೬೦ರ ವರೆಗೆ ಅದೇ ಸಂಸ್ಥೆಯ ಕುಲಪತಿಗಳಾದರು, ಮಾನಸಗಂಗೋತ್ರಿಯನ್ನು ಕಟ್ಟಿದರು.

ಹಳೆಯ ವಿದ್ಯಾರ್ಥಿಗಳಲ್ಲಿ ಆರ್. ಕೆ. ನಾರಾಯಣ್, ಸಿ. ಎನ್. ಆರ್. ರಾವ್ ಮೊದಲಾದವರ ಕೀರ್ತಿಯನ್ನು ನಾನು ಹೇಳಬೇಕಾದುದಿಲ್ಲ. ಎಂ. ಎನ್. ಶ್ರೀನಿವಾಸರನ್ನು ಮಾತ್ರ ನೆನೆಯುವೆನು. ೧೯೪೮ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ವಾಸಮಾಡಿ ಅವರು ಬರೆದುಕೊಂಡಿದ್ದ ಟಿಪ್ಪಣಿಗಳನ್ನಾಧರಿಸಿದ ಬರಹದ ಪ್ರತಿಗಳು ೧೯೭೦ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಸಿಕ್ಕಿದವು. ಸ್ಮರಣೆಯನ್ನೇ ನಂಬಿ ಅವರು ಬರೆದ ಪುಸ್ತಕವು ೧೯೭೬ರಲ್ಲಿ ಪ್ರಕಟವಾಯಿತು. ಆದರೆ ಸುಟ್ಟುಹೋದ ಓಲೆಯನ್ನು ಸ್ಮರಣೆಯಿಂದ ಬರೆಯಬಲ್ಲವರು ಯಾರು?

ಈ ಮಾತನ್ನು ಮಠದಲ್ಲಿ ನಿಂತು ಹೇಳುವುದಕ್ಕೆ ಕಾರಣವುಂಟು. ನಾಡಿನ ಮಠಗಳಲ್ಲಿಯೂ ಮನೆಗಳಲ್ಲಿಯೂ ಓಲೆಯ ಕಟ್ಟುಗಳು ಪೂಜೆಗೊಳ್ಳುತ್ತಿವೆ, ಗೆದ್ದಲಿಗೂ ಆಹಾರವಾಗುತ್ತಿವೆ. ಹಳೆಯ ಲಿಪಿಗಳನ್ನು ಓದಬಲ್ಲ ತರುಣರು ವಿರಳರಾಗುತ್ತಿದ್ದಾರೆ. ಮಠಗಳು ಬಡವಿದ್ಯಾರ್ಥಿಗಳಿಗೆ ಅನ್ನವನ್ನೂ ವಸತಿಯನ್ನೂ ಕೊಟ್ಟು ಕಾಲೇಜಿಗೆ ಕಳುಹಿಸಿದವು. ಅವರಲ್ಲಿ ವರುಷಕ್ಕೆ ಇಬ್ಬರಾದರೂ ಲಿಪಿಶಾಸ್ತ್ರವನ್ನು ಕಲಿಯುವಂತೆ ಏರ್ಪಾಡಾಗಬೇಕು; ಕಟ್ಟುಗಳನ್ನು ಬಿಚ್ಚಿ, ಪಟ್ಟಿಮಾಡಿ, ಛಾಯಾಪ್ರತಿ ತೆಗೆಯಿಸಬೇಕು. ಓಲೆಯನ್ನು ಯಾರೂ ಹೊರಗೆ ಒಯ್ಯಬೇಕಾದುದಿಲ್ಲ; ಓದುವವನು ಇಲ್ಲಿಗೆ ಬರಲಿ. ಶ್ರೀಗಳವರು ಸಮ್ಮತಿಸಿದರೆ ಈ ವರುಷವೇ ಮೊದಲಿಡಬಹುದು.