ಎದೆಯೊಳಗಿನ ತಂತಿ ಮತ್ತು ನಮ್ಮ ಮನೆಯ ಹೆಂಗಸರು

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಹೃದ್ರೋಗ ವಿಭಾಗದಲ್ಲಿ ನರ್ಸ್. ಭಾಷಣ ಮಾಡಿ ಅಭ್ಯಾಸ ಇಲ್ಲ. "ಊರಿನವರಿಗೆ ಉಪಯೋಗ ಆಗುವ ಏನಾದರೂ ಹೇಳಿ" ಎಂದು ಸಮಿತಿಯವರು ಕೇಳಿದಾಗ, ಪೇಸ್‌ಮೇಕರ್ ಹಾಕಿಸಿಕೊಂಡ ಅಮ್ಮಂದಿರು ನೆನಪಿಗೆ ಬಂದರು. ವೈದ್ಯರ ಕೋಣೆಯಲ್ಲಿ "ಏನೂ ತೊಂದರೆ ಇಲ್ಲ" ಎನ್ನುತ್ತಾರೆ. ಹೊರಗೆ ಬಂದ ಮೇಲೆ ನಮ್ಮ ಕೈ ಹಿಡಿದು, "ಮಗಾ, ಇಲ್ಲಿ ಸ್ವಲ್ಪ ಕೆಂಪಾಗಿದೆ, ನೋಡ್ತೀಯಾ?" ಎಂದು ಸೆರಗು ಸರಿಸುತ್ತಾರೆ. ಆ ಕೆಂಪು ಕಲೆಯ ಬಗ್ಗೆಯೇ ನನ್ನ ಇವತ್ತಿನ ಮಾತು.

ಹೃದಯದ ಬಡಿತ ತೀರಾ ನಿಧಾನವಾದರೆ ಪೇಸ್‌ಮೇಕರ್ ಹಾಕುತ್ತಾರೆ. ಕುತ್ತಿಗೆಯ ಕೆಳಗಿನ ಎಲುಬಿನ ಹತ್ತಿರ, ಚರ್ಮದ ಅಡಿಯಲ್ಲಿ, ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿನ ಒಂದು ಪೆಟ್ಟಿಗೆ ಇರುತ್ತದೆ. ಅದರಿಂದ ಹೊರಟ ತಂತಿ ಅಭಿಧಮನಿಯ ಒಳಗಿಂದ ಹೃದಯಕ್ಕೆ ಇಳಿಯುತ್ತದೆ. ಈ ತಂತಿಗೆ ಲೀಡ್ ಎನ್ನುತ್ತಾರೆ. ಅಪಾಯಕಾರಿ ಬಡಿತಕ್ಕೆ ಶಾಕ್ ಕೊಟ್ಟು ಸರಿಪಡಿಸುವ ಐಸಿಡಿ ಎಂಬ ಯಂತ್ರಕ್ಕೂ ಇಂತಹದೇ ತಂತಿ.

ದೇಹದೊಳಗೆ ಇಡುವ ಮೊದಲ ಪೇಸ್‌ಮೇಕರನ್ನು 1958ರಲ್ಲಿ ಸ್ವೀಡನ್ನಿನಲ್ಲಿ ಅರ್ನೆ ಲಾರ್ಸನ್ ಎಂಬವರಿಗೆ ಹಾಕಿದರು. ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಹಿಂಜರಿಯುತ್ತಿದ್ದಾಗ ಅವರ ಬೆನ್ನು ಬಿಡದೆ ಒಪ್ಪಿಸಿದವರು ರೋಗಿಯ ಹೆಂಡತಿ. ಮೊದಲನೆಯ ಯಂತ್ರ ಕೆಲವು ಗಂಟೆ ಮಾತ್ರ ನಡೆಯಿತು. ಮುಂದೆ ಲಾರ್ಸನ್ ಇಪ್ಪತ್ತಕ್ಕೂ ಹೆಚ್ಚು ಯಂತ್ರ ಬದಲಿಸಿಕೊಂಡು, ತನ್ನನ್ನು ಉಳಿಸಿದ ವೈದ್ಯನಿಗಿಂತಲೂ ಎಂಜಿನಿಯರನಿಗಿಂತಲೂ ಹೆಚ್ಚು ಕಾಲ ಬದುಕಿ, 2001ರಲ್ಲಿ ತೀರಿಕೊಂಡರು. ಗಂಡನಿಗಾಗಿ ಹೆಂಡತಿ ಹಠ ಹಿಡಿಯುವುದು ನಮ್ಮಲ್ಲೂ ಉಂಟು. ತನಗಾಗಿ ಹಠ ಹಿಡಿಯುವುದು ಮಾತ್ರ ಕಡಿಮೆ.

ಪೆಟ್ಟಿಗೆ ಬದಲಿಸುವುದು ಕಷ್ಟದ ಕೆಲಸವಲ್ಲ. ಬ್ಯಾಟರಿ ಮುಗಿದಾಗ ಚರ್ಮ ಬಿಡಿಸಿ, ಹೊಸ ಪೆಟ್ಟಿಗೆ ಇಟ್ಟು ಹೊಲಿಯುತ್ತಾರೆ. ತಂತಿ ಹಳೆಯದೇ ಇರುತ್ತದೆ. ಆದರೆ ತಂತಿಯನ್ನೇ ತೆಗೆಯಬೇಕಾಗಿ ಬಂದರೆ ಅದು ಬೇರೆಯೇ ಕತೆ. ತೋಟದ ಬೇಲಿಯ ಮುಳ್ಳುತಂತಿಯನ್ನು ಮರಕ್ಕೆ ಮೊಳೆ ಹೊಡೆದು ಕಟ್ಟಿದ್ದನ್ನು ನೋಡಿದ್ದೀರಿ. ಮೊದಲ ವರ್ಷ ಸುಲಭವಾಗಿ ಬಿಚ್ಚಬಹುದು. ಹತ್ತು ವರ್ಷ ಬಿಟ್ಟು ನೋಡಿದರೆ ಮರದ ಸಿಪ್ಪೆ ತಂತಿಯನ್ನು ನುಂಗಿರುತ್ತದೆ. ಎಳೆದರೆ ಸಿಪ್ಪೆಯೂ ಕಿತ್ತು ಬರುತ್ತದೆ. ಎದೆಯೊಳಗೂ ಹಾಗೆಯೇ. ವರ್ಷ ಕಳೆದಂತೆ ಅಭಿಧಮನಿಯ ಗೋಡೆಗೂ ಹೃದಯದ ಗೋಡೆಗೂ ತಂತಿ ಗಾಯದ ಅಂಗಾಂಶದಿಂದ ಅಂಟಿಕೊಳ್ಳುತ್ತದೆ. ಹಿಂದೆ ತಂತಿಗೆ ತೂಕ ಕಟ್ಟಿ ಎಳೆಯುವ ಕ್ರಮವೂ ಇತ್ತು. ಈಗ ತಂತಿಯ ಮೇಲೆ ಒಂದು ಕೊಳವೆ ತೂರಿಸಿ, ಲೇಸರ್‌ನಿಂದ ಅಥವಾ ತಿರುಗುವ ಅಲಗಿನಿಂದ ಅಂಟನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತಾರೆ. ದೇಹದ ಮೇಲ್ಭಾಗದ ರಕ್ತವನ್ನು ಹೃದಯಕ್ಕೆ ತರುವ ದೊಡ್ಡ ಅಭಿಧಮನಿ ಹರಿದರೆ ನಿಮಿಷಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಅದಕ್ಕೇ ಎದೆ ತೆರೆಯಬಲ್ಲ ಶಸ್ತ್ರವೈದ್ಯರನ್ನು ಸಿದ್ಧವಾಗಿಟ್ಟುಕೊಂಡು ಈ ಕೆಲಸ ಮಾಡುತ್ತಾರೆ.

ಇಲ್ಲಿ ಹೆಂಗಸು ಗಂಡಸು ಎಂಬ ವ್ಯತ್ಯಾಸ ಬರುತ್ತದೆ. 2012ರಿಂದ 2014ರ ನಡುವೆ ಯೂರೋಪಿನ 19 ದೇಶಗಳ 73 ಆಸ್ಪತ್ರೆಗಳು ಇಂತಹ 3,500ಕ್ಕೂ ಹೆಚ್ಚು ರೋಗಿಗಳ ಲೆಕ್ಕ ಇಟ್ಟವು. ಚಿಕಿತ್ಸೆಯಿಂದಾಗಿ ದೊಡ್ಡ ತೊಂದರೆ ಆದದ್ದು ನೂರಕ್ಕೆ 1.7 ಮಂದಿಗೆ, ಸಾವು ನೂರಕ್ಕೆ 0.5. ಆದರೆ ದೊಡ್ಡ ತೊಂದರೆಯ ಸಂಭವ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಇತ್ತು. ತಂತಿ ಹತ್ತು ವರ್ಷಕ್ಕಿಂತ ಹಳೆಯದಾಗಿದ್ದರೆ ಅಪಾಯ ಇನ್ನೂ ಹೆಚ್ಚಿತ್ತು.

ಯಾಕೆ ಹೀಗೆ? ಹೆಂಗಸರ ರಕ್ತನಾಳಗಳು ಸಾಮಾನ್ಯವಾಗಿ ಕಿರಿದು, ಗೋಡೆ ತೆಳು. ತಂತಿ ಮಾತ್ರ ಇಬ್ಬರಿಗೂ ಒಂದೇ ದಪ್ಪದ್ದು. ತೋಟಕ್ಕೆ ಪೈಪ್ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಇಂಚಿನ ಪೈಪಿನಲ್ಲಿ ಸಲೀಸಾಗಿ ಕೂರುವ ತಂತಿ ಅರ್ಧ ಇಂಚಿನದರಲ್ಲಿ ಗೋಡೆಗೆ ತಾಗಿಕೊಂಡೇ ಇರುತ್ತದೆ. ಹೆಚ್ಚು ತಾಗಿದಲ್ಲಿ ಹೆಚ್ಚು ಅಂಟು. ಮೈತೂಕ ಕಡಿಮೆ ಇರುವವರಿಗೂ ಅಪಾಯ ಹೆಚ್ಚು ಎಂದು ಬೇರೆ ಲೆಕ್ಕಗಳು ಹೇಳುತ್ತವೆ. ಇನ್ನೊಂದು ಮಾತು: ಆ ಯೂರೋಪಿನ ಲೆಕ್ಕದಲ್ಲಿ ಹೆಂಗಸರು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಯಾರನ್ನು ಕಡಿಮೆ ನೋಡಿದ್ದೇವೋ ಅವರ ಬಗ್ಗೆ ನಮ್ಮ ತಿಳಿವಳಿಕೆಯೂ ಕಡಿಮೆ.

ಇದನ್ನು ಕೇಳಿ ಯಾರಾದರೂ "ಹಾಗಾದರೆ ನಮ್ಮ ಅಮ್ಮನಿಗೆ ತೆಗೆಸುವುದೇ ಬೇಡ" ಎಂದು ಮನೆಗೆ ಹೋದರೆ ನನ್ನ ಭಾಷಣ ತಪ್ಪಾಯಿತು ಎಂದರ್ಥ. ತಂತಿ ತೆಗೆಯುವ ಮುಖ್ಯ ಕಾರಣ ಸೋಂಕು. ಪೆಟ್ಟಿಗೆಯ ಜಾಗಕ್ಕೆ ಹೊಕ್ಕ ಸೋಂಕು ತಂತಿ ಹಿಡಿದುಕೊಂಡು ನೇರ ಹೃದಯಕ್ಕೆ ಇಳಿಯುತ್ತದೆ. ಪೆಟ್ಟಿಗೆಯೂ ತಂತಿಯೂ ಒಳಗೇ ಇರುವಷ್ಟು ದಿನ ಬರೀ ಆ್ಯಂಟಿಬಯೋಟಿಕ್ ಅದನ್ನು ಬೇರುಸಹಿತ ತೆಗೆಯಲಾರದು. ಮಾತ್ರೆ ತಿಂದಾಗ ಕೆಂಪು ಕಡಿಮೆಯಾಗುತ್ತದೆ, ನಿಲ್ಲಿಸಿದರೆ ಮತ್ತೆ ಬರುತ್ತದೆ. ಆಗ ತೆಗೆಸುವ ಅಪಾಯಕ್ಕಿಂತ ಬಿಡುವ ಅಪಾಯವೇ ದೊಡ್ಡದು. ಎರಡು ಪಟ್ಟು ಎಂದಾಗಲೂ ನೂರರಲ್ಲಿ ತೊಂಬತ್ತೈದಕ್ಕಿಂತ ಹೆಚ್ಚು ಹೆಂಗಸರು ದೊಡ್ಡ ತೊಂದರೆ ಇಲ್ಲದೆ ಹೊರಗೆ ಬರುತ್ತಾರೆ ಎಂಬುದು ನೆನಪಿರಲಿ.

ಸೋಂಕು ಇಲ್ಲದೆ, ತಂತಿ ಕೆಟ್ಟಿದೆ ಎಂಬ ಕಾರಣಕ್ಕೆ ಮಾತ್ರ ತೆಗೆಯುವ ಮಾತು ಬಂದಾಗ ವಿಚಾರ ಬೇರೆ. ಹಳೆಯದನ್ನು ಅಲ್ಲೇ ಬಿಟ್ಟು ಹೊಸದು ಹಾಕುವ ದಾರಿಯೂ ಉಂಟು. ಬಿಟ್ಟರೆ ಮುಂದೆ ತೆಗೆಯುವುದು ಇನ್ನೂ ಕಷ್ಟ. ವಯಸ್ಸು, ತಂತಿಯ ವಯಸ್ಸು, ಹೆಣ್ಣು ದೇಹ ಎಂಬುದು, ಎಲ್ಲವನ್ನೂ ತಕ್ಕಡಿಗೆ ಹಾಕಿ ವೈದ್ಯರೊಡನೆ ಕೂತು ತೀರ್ಮಾನಿಸಬೇಕು.

ದೇಹ ಕೊಟ್ಟ ವ್ಯತ್ಯಾಸವನ್ನು ನಾವು ಬದಲಿಸಲಾರೆವು. ಅದರ ಮೇಲೆ ನಾವೇ ಸೇರಿಸುವ ಅಪಾಯ ಒಂದಿದೆ, ಅದು ತಡ ಮಾಡುವುದು. ನಮ್ಮ ಅಮ್ಮಂದಿರು ಸೊಪ್ಪಿನ ಕಟ್ಟು ಹೊರುತ್ತಾರೆ, ಅಡಿಕೆ ಸುಲಿಯುತ್ತಾರೆ. ರವಿಕೆಯ ಅಡಿಯ ಪಟ್ಟಿ ಪೆಟ್ಟಿಗೆಯ ಮೇಲೆ ಉಜ್ಜುತ್ತಾ ಇರುತ್ತದೆ. ಚರ್ಮ ಕೆಂಪಾದರೆ ಅರಸಿನ ಹಚ್ಚುತ್ತಾರೆ. ಅಡಿಕೆ ಕೊಯ್ಲು ಮುಗಿಯಲಿ, ಮಗಳ ಬಾಣಂತನ ಆಗಲಿ, ಮಗ ಬೆಂಗಳೂರಿನಿಂದ ಬರಲಿ ಎಂದು ಕಾಯುತ್ತಾರೆ. ಎದೆಯ ಭಾಗ ತೋರಿಸಲು ನಾಚಿಕೆ ಬೇರೆ. ಅಷ್ಟರಲ್ಲಿ ಕೆಂಪು ಕೀವಾಗುತ್ತದೆ, ಕೀವು ಜ್ವರವಾಗುತ್ತದೆ. ಗಟ್ಟಿ ಇರುವಾಗ ಆಗಬೇಕಿದ್ದ ಕೆಲಸ, ದೇಹ ಸೋತ ಮೇಲೆ ಆಗುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಪೇಸ್‌ಮೇಕರ್ ಇರುವ ಜಾಗ ಕೆಂಪಾದರೆ, ಊದಿದರೆ, ಬಿಸಿಯಾದರೆ, ಚರ್ಮ ತೆಳುವಾಗಿ ಪೆಟ್ಟಿಗೆಯ ಅಂಚು ಕಂಡರೆ, ಕಾರಣ ತಿಳಿಯದ ಜ್ವರ ಬಿಡದಿದ್ದರೆ, ಅದೇ ವಾರ ಹೃದಯದ ವೈದ್ಯರಿಗೆ ತೋರಿಸಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಸೂಜಿ ಚುಚ್ಚಿ ಕೀವು ತೆಗೆಸಬೇಡಿ, ಇಲ್ಲದ ಸೋಂಕು ಒಳಗೆ ಹೋಗಬಹುದು. ಯಂತ್ರ ಹಾಕಿದಾಗ ಕೊಟ್ಟ ಕಾರ್ಡನ್ನು ರೇಷನ್ ಕಾರ್ಡಿನಷ್ಟೇ ಜೋಪಾನ ಮಾಡಿ. ತಂತಿ ಹಾಕಿದ ವರ್ಷ, ಎಷ್ಟು ತಂತಿ ಎಂಬುದು ಅದರಿಂದ ಗೊತ್ತಾಗುತ್ತದೆ.

ತಂತಿ ತೆಗೆಯುವ ಕೆಲಸ ಎಲ್ಲ ಆಸ್ಪತ್ರೆಗಳಲ್ಲಿ ಆಗುವಂತಹದ್ದಲ್ಲ. ಸುಳ್ಯದಲ್ಲೋ ಪುತ್ತೂರಿನಲ್ಲೋ ತೋರಿಸಿದರೆ ಅವರು ಮಂಗಳೂರಿಗೆ ಅಥವಾ ಬೆಂಗಳೂರಿನ ಜಯದೇವದಂತಹ ದೊಡ್ಡ ಕೇಂದ್ರಕ್ಕೆ ಕಳಿಸಬಹುದು. ಹೋದಲ್ಲಿ ಸಂಕೋಚ ಬಿಟ್ಟು ಮೂರು ಪ್ರಶ್ನೆ ಕೇಳಿ. ಇಲ್ಲಿ ವರ್ಷಕ್ಕೆ ಇಂತಹ ಎಷ್ಟು ಕೇಸು ಮಾಡುತ್ತೀರಿ? ನಾಳ ಹರಿದರೆ ಎದೆ ತೆರೆಯುವ ವೈದ್ಯರು ಅದೇ ಹೊತ್ತಿಗೆ ಇರುತ್ತಾರೆಯೇ? ಹೆಂಗಸರಿಗೆ ಅಪಾಯ ಹೆಚ್ಚೆಂದು ಕೇಳಿದ್ದೇವೆ, ನಮ್ಮ ಅಮ್ಮನ ವಿಷಯದಲ್ಲಿ ಅದಕ್ಕೇನು ತಯಾರಿ? ಒಳ್ಳೆಯ ವೈದ್ಯರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಖರ್ಚಿನ ಬಗ್ಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ವಿಚಾರಿಸಿ.

ಇಲ್ಲಿ ಮುಂದೆ ಕುಳಿತಿರುವ ಮಕ್ಕಳಿಗೆ ಒಂದು ಮನೆಕೆಲಸ. ನಿಮ್ಮ ಅಜ್ಜಿಗೋ ಪಕ್ಕದ ಮನೆಯ ಅಜ್ಜಿಗೋ ಪೇಸ್‌ಮೇಕರ್ ಇದ್ದರೆ, ಇವತ್ತು ಸಂಜೆ ಹೋಗಿ ಕೇಳಿ: "ಅಜ್ಜಿ, ಅಲ್ಲಿ ನೋವಿದೆಯಾ? ಕೆಂಪಾಗಿದೆಯಾ?" ಡಾಕ್ಟರಿಗೆ ಹೇಳದ್ದನ್ನು ಅಜ್ಜಿ ಮೊಮ್ಮಕ್ಕಳಿಗೆ ಹೇಳುತ್ತಾರೆ. ಹೇಳಿದರೆ ಮನೆಯ ದೊಡ್ಡವರಿಗೆ ತಿಳಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗುವವರೆಗೆ ಬಿಡಬೇಡಿ.

ಗೊತ್ತಿಲ್ಲದ್ದನ್ನು ಎದ್ದುನಿಂತು ಕೇಳು ಎಂದು ಈ ಶಾಲೆಯ ಗುರುಗಳು ನನಗೆ ಕಲಿಸಿದರು. ಅದನ್ನೇ ನಮ್ಮ ಅಮ್ಮಂದಿರಿಗೂ ಕಲಿಸೋಣ.