ಮೊದಲ ಸೂಜಿ, ಮೂರನೇ ದಿನದ ವಿಚಾರಣೆ



ಕಡಜ, ಹೆಜ್ಜೇನು ಕಚ್ಚಿ ಬರುವ ಗಂಡಾಂತರದ ಬಗ್ಗೆ ಮಾತನಾಡಲು ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಈ ಸೀಮೆಗಿಂತ ತಕ್ಕ ಜಾಗ ಬೇಕಿಲ್ಲ. ಒಂದು ಕಡೆ ಮಲೆ ಮಹದೇಶ್ವರ ಬೆಟ್ಟದ ಕಾಡು, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ. ಸೋಲಿಗರು ತಲೆತಲಾಂತರದಿಂದ ಹೆಜ್ಜೇನು ಇಳಿಸುತ್ತ ಬಂದ ನೆಲ ಇದು. ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ನಡೆಯುವ ಭಕ್ತರು, ದನ ಮೇಯಿಸುವವರು, ತೆಂಗಿನ ಮರ ಹತ್ತುವವರು ಎಲ್ಲರೂ ಈ ಹುಳುಗಳಿಗೆ ಎದುರಾಗುವವರೇ.

ಕಡಿತ ಎರಡು ಬಗೆಯಲ್ಲಿ ಕೊಲ್ಲುತ್ತದೆ. ಮೊದಲನೆಯದು ಅನಾಫಿಲಾಕ್ಸಿಸ್, ಅಂದರೆ ಮೈಯಿಡೀ ಎರಗುವ ತೀವ್ರ ಅಲರ್ಜಿ. ಇದಕ್ಕೆ ಒಂದೇ ಹುಳು ಸಾಕು. ಮೈಯೆಲ್ಲ ದದ್ದು, ತುಟಿ ನಾಲಿಗೆ ಊತ, ಉಬ್ಬಸ, ರಕ್ತದೊತ್ತಡ ಕುಸಿತ, ಎಲ್ಲವೂ ನಿಮಿಷಗಳಲ್ಲಿ. ಕೆಲವರಲ್ಲಿ ದದ್ದೇ ಕಾಣದೆ ನೇರವಾಗಿ ಕುಸಿದು ಬೀಳುವುದೂ ಉಂಟು. ಇಲ್ಲಿ ಜೀವ ಉಳಿಸುವ ಮೊದಲ ಮದ್ದು ಅಡ್ರಿನಲಿನ್. 1 ಮಿ.ಲೀ. ಆಂಪ್ಯೂಲಿನಲ್ಲಿ 1 ಮಿ.ಗ್ರಾಂ ಇರುತ್ತದೆ. ದೊಡ್ಡವರಿಗೆ ಅದರಲ್ಲಿ ಅರ್ಧ, ಮಕ್ಕಳಿಗೆ ಕೆ.ಜಿ. ತೂಕಕ್ಕೆ 0.01 ಮಿ.ಗ್ರಾಂ, ತೊಡೆಯ ಹೊರಭಾಗದ ಸ್ನಾಯುವಿಗೆ. ಚೇತರಿಕೆ ಕಾಣದಿದ್ದರೆ ಐದು ನಿಮಿಷಕ್ಕೆ ಮತ್ತೊಮ್ಮೆ. ಏವಿಲ್‌ನಂಥ ಅಲರ್ಜಿ ಮದ್ದು, ಡೆಕ್ಸಾದಂಥ ಸ್ಟಿರಾಯ್ಡ್ ಕೊಟ್ಟು ಕಾಯುವುದು ಚಿಕಿತ್ಸೆಯಲ್ಲ, ಅವು ಆಮೇಲಿನವು. ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೆ 70 ಕಿ.ಮೀ.ಗೂ ಹೆಚ್ಚು ದೂರ, ನಡುವೆ ಘಾಟಿಯ ತಿರುವುಗಳು. ಆದ್ದರಿಂದ ಮೊದಲ ಸೂಜಿ ರೋಗಿ ಇದ್ದಲ್ಲೇ ಬೀಳಬೇಕು.

ಎರಡನೆಯದು ಹಲವು ಕಡಿತಗಳ ವಿಷ ಸೇರಿ ಮಾಡುವ ಹಾನಿ. ಇದು ನಿಧಾನದ್ದು, ಆದ್ದರಿಂದಲೇ ಕಣ್ತಪ್ಪುವಂಥದ್ದು. ಜೇನಿನ ಮುಳ್ಳು ಚರ್ಮದಲ್ಲಿ ಉಳಿದು ವಿಷ ಇಳಿಸುತ್ತಲೇ ಇರುತ್ತದೆ. ಉಗುರಿನಿಂದಲಾದರೂ ಸರಿ, ತಡಮಾಡದೆ ಕೀಳಬೇಕು. ಕಡಜದ ಮುಳ್ಳು ನಯವಾದದ್ದು, ಒಂದೇ ಹುಳು ಮತ್ತೆ ಮತ್ತೆ ಚುಚ್ಚಬಲ್ಲದು. ಹಿಂಡು ಮುತ್ತಿದಾಗ ವಿಷದ ಹೊರೆಗೆ ಸ್ನಾಯುಗಳು ಕರಗುತ್ತವೆ, ಕೆಂಪು ರಕ್ತಕಣಗಳು ಒಡೆಯುತ್ತವೆ, ಆ ಕಸವೆಲ್ಲ ಮೂತ್ರಪಿಂಡಕ್ಕೆ ಬಂದು ಸೇರುತ್ತದೆ. ಸುಣ್ಣ ಹಚ್ಚಿಕೊಂಡು, ನೋವಿನ ಮಾತ್ರೆ ನುಂಗಿ ಮನೆಗೆ ಹೋದವರಿಗೆ ಒಂದೆರಡು ದಿನದಲ್ಲಿ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಡಿಮೆಯಾಗುತ್ತದೆ, ಮುಖ ಊದುತ್ತದೆ. 2013ರಲ್ಲಿ ಚೀನಾದ ಶಾನ್‌ಶಿ ಪ್ರಾಂತ್ಯದಲ್ಲಿ ಕೆಲವೇ ತಿಂಗಳಲ್ಲಿ 40ಕ್ಕೂ ಹೆಚ್ಚು ಜನ ಕಡಜದ ದಾಳಿಗೆ ಸತ್ತರು. ಅಲ್ಲಿಯೂ ಮೂತ್ರಪಿಂಡದ ವೈಫಲ್ಯ ಕಾಡಿತು. ಹಾವಿನ ವಿಷಕ್ಕಿರುವಂತೆ ಕಡಜ, ಜೇನಿನ ವಿಷಕ್ಕೆ ನಮ್ಮಲ್ಲಿ ಪ್ರತಿವಿಷವಿಲ್ಲ. ಬೇಗ ಸಲೈನ್ ಕೊಡುವುದು, ರಕ್ತದಲ್ಲಿ ಸಿಪಿಕೆ, ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತೆ ಮತ್ತೆ ನೋಡುವುದು, ಬೇಕಾದಾಗ ಡಯಾಲಿಸಿಸ್‌ಗೆ ಕಳಿಸುವುದು ನಮಗಿರುವ ದಾರಿ. ಸಕಾಲಕ್ಕೆ ಡಯಾಲಿಸಿಸ್ ಸಿಕ್ಕರೆ ಬಹಳಷ್ಟು ಮಂದಿಯ ಮೂತ್ರಪಿಂಡ ಮತ್ತೆ ಕೆಲಸಕ್ಕೆ ಬರುತ್ತದೆ.

ವೈದ್ಯರು, ಶುಶ್ರೂಷಾಧಿಕಾರಿಗಳು, ಆಶಾ ಕಾರ್ಯಕರ್ತೆಯರು, ಅರಣ್ಯ ಇಲಾಖೆಯ ಸಿಬ್ಬಂದಿ ಸೇರಿರುವ ಈ ಸಂಕಿರಣದಿಂದ ನಾನು ಬಯಸುವುದು ಮೂರು. ಮೊದಲನೆಯದಾಗಿ, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ 108 ವಾಹನದಲ್ಲೂ ಅಡ್ರಿನಲಿನ್, ಜೊತೆಗೆ ಗೋಡೆಯ ಮೇಲೆ ಅದರ ಪ್ರಮಾಣದ ಪಟ್ಟಿ ಇರಲಿ. ಎರಡನೆಯದಾಗಿ, ಹಿಂಡು ಕಚ್ಚಿದವರನ್ನು 24 ಗಂಟೆ ಇರಿಸಿಕೊಳ್ಳೋಣ. ಮನೆಗೆ ಹೋದ ಮೇಲೆ ಮೂರನೇ ದಿನ ಆಶಾ ಕಾರ್ಯಕರ್ತೆ ಮೂತ್ರದ ಬಣ್ಣ ವಿಚಾರಿಸಲಿ. ಮೂರನೆಯದು ಲೆಕ್ಕ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯಾಗಿಸಿತು. ಹುಳು ಕಡಿತಕ್ಕೂ ಒಂದು ರಿಜಿಸ್ಟರ್ ತೆರೆಯೋಣ.

ಹೊಗೆ ಹಾಕಿ, ಕತ್ತಲಲ್ಲಿ ಜೇನು ಇಳಿಸುವ ಸೋಲಿಗರಿಗೆ ಗೂಡಿನ ಕಾಲ, ಜಾಗ, ಸ್ವಭಾವ ಗೊತ್ತು. ಅವರನ್ನು ಗೋಷ್ಠಿಗೆ ಕೇಳುಗರಾಗಿ ಮಾತ್ರ ಕರೆಯದೆ ಮಾತನಾಡಲು ಕರೆಯಬೇಕು. ಇಂದು ಸಂಜೆಯೊಳಗೆ ಮೂರು ತಾಲ್ಲೂಕುಗಳಿಗೂ ಒಂದೇ ಚಿಕಿತ್ಸಾ ಕ್ರಮ ಬರೆದು, ಸಹಿ ಹಾಕಿ ಏಳೋಣ.